ಹನ್ನಾ, ವಯಸ್ಸು ಒಂದು ದಿನ
ಸಿಂಗಪುರದ ಬುಕಿತ್ ಬಾಟೋಕಿನ ಬದರಿನಾಥರಿಗೆ ಇಂಗ್ಲೆಂಡಿನ ಸೊಸೆಯ ಹಳ್ಳಿಗಾಡಿನ ಪೂರ್ವಜರನ್ನು ಹುಡುಕುವ ಹುಚ್ಚು. ಹಳೆಯ ಚರ್ಚ್ ದಾಖಲೆಗಳ ಚಿತ್ರ ತೆರೆದು ಕಂಪ್ಯೂಟರಿಗೆ ಮೂಗು ತಗುಲಿಸಿ ಕೂತರೆಂದರೆ ಪಕ್ಕದ ಕಾಫಿ ಆರಿ ಕೆನೆಗಟ್ಟಿದರೂ ಪರಿವೆಯಿಲ್ಲ. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ, "ಆ ಕುರಿ ಕಾಯೋ ಥಾಮಸ್ ಮತ್ತೆ ಎಸ್ಕೇಪ್ ಆದ ಕಣ್ರೀ!" ಎಂದು ದೂರು. ಮಕ್ಕಳಿಗೆ ಹೆಸರಿಡುವ ದೀಕ್ಷಾಸ್ನಾನದ ಪುಟದಲ್ಲಿ ಮಗು ಸಿಕ್ಕರೂ ಹಿಗ್ಗುವುದಿಲ್ಲ. "ಮೊದಲು ಸಮಾಧಿ ಪುಟ ಚೆಕ್ ಮಾಡ್ಬೇಕು" ಎನ್ನುತ್ತಾರೆ. ಹೆಚ್ಚಿನ ಮಕ್ಕಳು ಸಿಗುವುದೂ ಅಲ್ಲಿಯೇ. ನಿನ್ನೆ "ಹನ್ನಾ, ವಯಸ್ಸು ಒಂದು ದಿನ" ಎಂದು ಗಟ್ಟಿಯಾಗಿ ಓದಿದಾಗ ಹೆಂಡತಿ ರೇಣುಕಾ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು. "ಒಂದೇ ದಿನಕ್ಕೆ ಹೆಸರಿಟ್ಟುಬಿಟ್ರಾ?" "ಉಳಿಯಲ್ಲ ಅಂತ ಗೊತ್ತಾದ್ರೆ ಪಾದ್ರಿ ಓಡಿ ಬಂದು ಇಡ್ತಿದ್ರು" ಎಂದರು ಬದರಿನಾಥರು. ರೇಣುಕಾ ಸೊಪ್ಪನ್ನೇ ನೋಡುತ್ತ ಹೇಳಿದರು, "ನಮ್ಮ ಮೊದಲ್ನೇ ಮಗು ಒಂಬತ್ತು ದಿನ ಇತ್ತು ರೀ. ನಾಮಕರಣಕ್ಕೆ ಇನ್ನೆರಡೇ ದಿನ ಬಾಕಿಯಿತ್ತು."