ನಬಿಂತು ಗಡುವು ತಪ್ಪಿಸಿಕೊಂಡ ಕಾರಣ

ಡರ್ಬನ್ನಿನ ಫುಟ್‌ಪಾತಿನಲ್ಲಿ ಜಡೆ ಹೆಣೆಯುವ ಕಾಂಗೋ ಹೆಂಗಸರಲ್ಲಿ ನಬಿಂತುವಿನ ಕೈಚಳಕಕ್ಕೆ ಸಾಟಿಯಿಲ್ಲ, ಹೊಟ್ಟೆಕಿಚ್ಚಿಗೂ ಇಲ್ಲ. ಅದೆಲ್ಲ ಎಸ್ಪೆರಾಂಸಳ ಮೇಲೆ. ಇಬ್ಬರದೂ ಬುಕಾವು ಊರು. ಒಂದೇ ಯುದ್ಧಕ್ಕೆ ಹೆದರಿ ಒಂದೇ ಲಾರಿ ಹತ್ತಿ ಬಂದವರು. ಆಶ್ರಯ ಕೋರಿ ಅರ್ಜಿ ಹಾಕಿದರೆ ಎಸ್ಪೆರಾಂಸಳದು ಮಂಜೂರಾಯಿತು, ನಬಿಂತುವಿನದು ತಿರಸ್ಕೃತವಾಯಿತು. ಅದೂ ಒಂದೇ ವಾರದಲ್ಲಿ!

ಸಂತೋಷ ಬಂದವರು ಊರಿನ ಹೆಂಗಸರಿಗೆಲ್ಲ ಒಂದೇ ಬಗೆಯ ಬಟ್ಟೆ ಹಂಚುವುದು, ಅವರು ಅದನ್ನು ಹೊಲಿಸಿಕೊಂಡು ಬಂದು ಕುಣಿಯುವುದು ಅವರಲ್ಲಿ ಪದ್ಧತಿ. ಎಸ್ಪೆರಾಂಸ್ ಗಿಣಿಹಸಿರು ಬಟ್ಟೆ ಹಂಚಿದಳು. ಎಲ್ಲರೂ ಕುಣಿದರು. ನಬಿಂತು ತಲೆನೋವೆಂದು ಮಲಗಿದಳು. ಮರುದಿನ ಆ ಬಟ್ಟೆಯನ್ನು ಫುಟ್‌ಪಾತಿನಲ್ಲಿ ಹಾಸಿ ಗಿರಾಕಿಗಳ ಕೂದಲು ಬೀಳಿಸಿಕೊಂಡಳು. ಎಸ್ಪೆರಾಂಸ್ ನೋಡಲಿ ಅಂತಲೇ. ಅವಳು ನೋಡಿದಳು, ಸುಮ್ಮನೆ ಹೋದಳು. ಬೈದಿದ್ದರೆ ನಬಿಂತುವಿನ ಹೊಟ್ಟೆ ತಣ್ಣಗಾಗುತ್ತಿತ್ತು.

ತಿರಸ್ಕಾರದ ವಿರುದ್ಧ ಕೋರ್ಟಿಗೆ ಹೋಗಲು ಗಡುವಿತ್ತು. ಬಡವರ ಪರ ಬಿಟ್ಟಿಯಾಗಿ ವಾದಿಸುವ ವಕೀಲೆಯೂ ಹತ್ತಿರದಲ್ಲೇ ಇದ್ದಳು. ಆದರೆ ಅಲ್ಲಿ ಸ್ವಾಹಿಲಿ ಮಾತನ್ನು ಇಂಗ್ಲಿಷಿನಲ್ಲಿ ತಿಳಿಸುವ ಕೆಲಸ ಎಸ್ಪೆರಾಂಸಳದು! ಅವಳ ಬಾಯಲ್ಲಿ ನನ್ನ ಸೋಲು ಹೊರಬರುವುದೇ? ಹಾಳಾಗಿ ಹೋಗಲಿ ಗಡುವು, ಅಂದುಕೊಂಡಳು. ಗಡುವು ಹೋಗಿಯೇಬಿಟ್ಟಿತು. ತನ್ನಂತೆಯೇ ಅರ್ಜಿ ತಿರಸ್ಕೃತವಾಗಿದ್ದ ಪಕ್ಕದ ಮನೆಯವಳನ್ನು ಪೊಲೀಸರು ಹಿಡಿದು ಗಡಿ ದಾಟಿಸಿದ ದಿನ, ನಬಿಂತು ತನ್ನ ಪುಟ್ಟ ಮಗಳ ಕೈ ಹಿಡಿದು ವಕೀಲೆಯ ಬಳಿ ಓಡಿದಳು.

"ತಡ ಯಾಕಾಯ್ತು ಅಂತ ಪ್ರಮಾಣ ಮಾಡಿ ಹೇಳ್ಬೇಕಮ್ಮ. ಕಾರಣ ಒಪ್ಪಿಗೆ ಆಗದಿದ್ರೆ ಕೋರ್ಟು ಹೆಚ್ಚಿನ ಸಮಯ ಕೊಡಲ್ಲ," ಎಂದಳು ವಕೀಲೆ. ಎಸ್ಪೆರಾಂಸ್ ಅದನ್ನು ಸ್ವಾಹಿಲಿಯಲ್ಲಿ ತಿಳಿಸಿದಳು.

ನಬಿಂತು ಮಗಳ ಜಡೆ ಸರಿಮಾಡತೊಡಗಿದಳು. ಎಸ್ಪೆರಾಂಸ್ ತಾನಾಗಿಯೇ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಗಿರಾಕಿಗಳಿಂದ ಕಲಿತ ನಾಲ್ಕು ಮಾತು ನಬಿಂತುವಿಗೆ ಸಾಕಿತ್ತು: ಕಾಯಿಲೆ ಬಿದ್ದಿದ್ದಳು ಅನ್ನುತ್ತಿದ್ದಾಳೆ! ಅವಳಿಗೆ ಮೈಯೆಲ್ಲ ಉರಿಯಿತು. ಒಳ್ಳೆಯತನದಲ್ಲೂ ಇವಳೇ ಮುಂದೆ!

"ನಿನ್ನ ಭಿಕ್ಷೆ ಬೇಡ ಕಣೇ! ಕಾಯಿಲೆ ಅಲ್ಲ, ಹೊಟ್ಟೆಕಿಚ್ಚು. ನಿನ್ನ ಮುಂದೆ ತಲೆ ತಗ್ಗಿಸೋಕಾಗದೆ ಬರಲಿಲ್ಲ ಅಂತ ಹೇಳು. ಒಂದಕ್ಷರ ಬಿಡಬೇಡ."

ಎಸ್ಪೆರಾಂಸಳಿಗೆ ಮುಜುಗರವಾಯಿತು. ಆದರೂ ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು.

"ಇದನ್ನೇ ಬರೀತೀನಿ," ಎಂದಳು ವಕೀಲೆ. "ಇಂಥದ್ದನ್ನ ಯಾರೂ ಸುಳ್ಳು ಕಟ್ಟಿ ಹೇಳಲ್ಲ, ಕೋರ್ಟು ನಂಬುತ್ತೆ."

ಕೋರ್ಟು ಸಮಯ ಕೊಟ್ಟಿತು. ಮೆಟ್ಟಿಲಿಳಿಯುವಾಗ ಎಸ್ಪೆರಾಂಸ್ ಅಂದಳು, "ಗೆದ್ದ ದಿನ ನೀನೂ ಬಟ್ಟೆ ಹಂಚ್ತೀಯಲ್ಲ? ನಂಗೆ ಕೊಡದಿದ್ರೂ ಕಿತ್ಕೊಂಡು ಹೊಲಿಸ್ಕೋತೀನಿ, ನೋಡ್ತಿರು."

ನಬಿಂತು ನೆಟ್ಟಗೆ ಮನೆಗೆ ಹೋದಳು. ಸಂಜೆ ಆ ಹಸಿರು ಬಟ್ಟೆಗಂಟಿದ್ದ ಕೂದಲನ್ನೆಲ್ಲ ಕೂತು ಆರಿಸಿದಳು, ಒಗೆದಳು, ಒಣಗಿದ ಮೇಲೆ ದರ್ಜಿಗೆ ಕೊಟ್ಟಳು.

"ತೋಳು ಮಾತ್ರ ಎಸ್ಪೆರಾಂಸಳದಕ್ಕಿಂತ ಚೆನ್ನಾಗಿರ್ಬೇಕು," ಅಂದಳು.