ಬಲಗಡೆಯ ಕನ್ನಡಿ

ಬಲಕ್ಕೆ ನೋಡಬೇಕಾದಾಗ ಅವರು ಬರೀ ಕಣ್ಣು ಹೊರಳಿಸುತ್ತಿರಲಿಲ್ಲ, ಕತ್ತನ್ನೇ ಭುಜದ ತನಕ ತಿರುಗಿಸುತ್ತಿದ್ದರು. ಆಗ ಕತ್ತಿನ ಎಡಬದಿಯಲ್ಲಿ ಒಂದು ನರ ಹಗ್ಗದ ಹಾಗೆ ಎದ್ದು ನಿಲ್ಲುತ್ತಿತ್ತು. ಗೂಬೆಯ ಹಾಗೆ ತಿರುಗಿಸ್ತಾರೆ ಎಂದು ನನ್ನ ಮಗಳು ನಗುತ್ತಿದ್ದಳು. ನಾನೂ ನಕ್ಕಿದ್ದೇನೆ. ಆ ನಗು ನೆನಪಾದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ರಿಫಾದ ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಅವರ ಕೋಣೆ ಇತ್ತು. ಬಂಟ್ವಾಳದ ಕಡೆಯವರು, ಮನೆಮಾತು ಬ್ಯಾರಿ. ಮಕ್ಕಳಿಗೆಲ್ಲ ಡ್ರೈವರ್ ಕಾಕ, ಹಾಗಾಗಿ ನಮಗೂ ಕಾಕ. ಇಪ್ಪತ್ತಾರು ವರ್ಷ ಬಹರೈನಿನಲ್ಲಿ ಬಸ್ಸು ಓಡಿಸಿದವರು; ನನ್ನ ಮಗಳ ಶಾಲೆಯ ಬಸ್ಸೂ ಅವರದೇ. ನಾನು ಮೈಸೂರಿನವಳು, ಮನಾಮದ ಆಫೀಸಿನಲ್ಲಿ ದುಡಿದು ದುಡಿದು ಅರ್ಧ ಇಂಗ್ಲಿಷ್ ಆದವಳು. ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, ನೀವಿನ್ನು ಕನ್ನಡ ಯಾವಾಗ ಶುರು ಮಾಡುವುದು ಎಂದು ಗಂಭೀರವಾಗಿ ವಿಚಾರಿಸುತ್ತಿದ್ದರು.

ನಮ್ಮ ಮೋಟರ್‌ಹೋಮ್ ಎಂದರೆ ಸ್ವಲ್ಪ ದೊಡ್ಡ ಮಾತಾಯಿತು. ಕಟ್ಟಡದ ಮೂರು ಮನೆಯವರು ಸೇರಿ ತಂದ ಹಳೆಯ ಮಿನಿಬಸ್ಸು ಅದು. ಸೀಟು ಕಿತ್ತು ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿದ್ದು ಕಾಕ. ಅದನ್ನು ಓಡಿಸುವ ಲೈಸನ್ಸ್ ಇದ್ದದ್ದೂ ಅವರೊಬ್ಬರಿಗೇ. ಚಳಿಗಾಲದಲ್ಲಿ ಸಖೀರಿನ ಮರಳುಗಾಡಿಗೆ ಬಿಡಾರ ಹೂಡಲು ಹೊರಟರೆ ಅವರ ಹಳದಿ ಬೆಕ್ಕಿಗೆ ಡ್ಯಾಶ್‌ಬೋರ್ಡಿನ ಮೇಲೆ ಖಾಯಂ ಜಾಗ. ಬುಸೈತೀನಿನ ಬೀದಿಯಲ್ಲಿ ಸಿಕ್ಕ ನಮ್ಮ ನಾಯಿ ಬೂದಿಗೆ ಹಿಂದಿನ ಮೆಟ್ಟಿಲು. ನಾಯಿ ತಾಗಿದರೆ ನಮಾಜಿಗೆ ಬಟ್ಟೆ ಬದಲಿಸಬೇಕೆಂದು ಕಾಕ ಬೂದಿಯಿಂದ ದೂರವೇ. ಆದರೆ ತಟ್ಟೆಯಲ್ಲಿ ಉಳಿಸಿದ ಮಾಂಸದ ತುಂಡನ್ನು ಎಸೆಯುತ್ತಿರಲಿಲ್ಲ. ಕಾಗದದ ಮೇಲಿಟ್ಟು ಉದ್ದ ಕೋಲಿನಿಂದ ಅದರ ಮುಂದೆ ತಳ್ಳುತ್ತಿದ್ದರು. ಅದಕ್ಕೂ ಒಂದು ಮರ್ಯಾದೆ ಉಂಟಲ್ಲ ಎನ್ನುತ್ತಿದ್ದರು.

ಇನ್ನೊಂದು ಅಭ್ಯಾಸವಿತ್ತು. ಬಸ್ಸನ್ನು ಹಿಂದಕ್ಕೆ ತೆಗೆಯುವ ಮೊದಲು ಇಳಿದು, ಬ್ಯಾರಿಯಲ್ಲಿ ಎಣಿಸುತ್ತ ಹಿಂದಿನ ಜಾಗವನ್ನೆಲ್ಲ ಹೆಜ್ಜೆಯಿಂದ ಅಳೆಯುತ್ತಿದ್ದರು. ಆಮೇಲೆ ಹತ್ತಿ ಕೂತು, ಅಳೆದಷ್ಟೇ ಹಿಂದಕ್ಕೆ ಬಂದು ನಿಲ್ಲಿಸುತ್ತಿದ್ದರು. ಹಳೇ ಕಾಲದ ಶಿಸ್ತು ಎಂದು ನಾವು ಹೊಗಳುತ್ತಿದ್ದೆವು.

ಆ ಫೆಬ್ರವರಿಯಲ್ಲಿ ಮೋಟರ್‌ಹೋಮ್ ಇರುವವರೆಲ್ಲ ಸಖೀರಿನಲ್ಲಿ ಎರಡು ದಿನ ಸೇರಿದರು. ಸೇತುವೆ ದಾಟಿ ಸೌದಿಯಿಂದ ಬಂದ, ಬಿಳಿ ಅರಮನೆಗಳಂಥ ಗಾಡಿಗಳ ಸಾಲಿನಲ್ಲಿ ನಮ್ಮ ಮಿನಿಬಸ್ಸು, ಮದುವೆಗೆ ಹವಾಯಿ ಚಪ್ಪಲಿಯಲ್ಲಿ ಬಂದ ನೆಂಟನಂತೆ ನಿಂತಿತ್ತು. ಎಲ್ಲರ ಜೊತೆಗೂ ಪ್ರಾಣಿಗಳು: ನಾಯಿಗಳು, ಪಂಜರದ ಗಿಳಿ, ಒಬ್ಬರ ಕೈಮೇಲೆ ಗಿಡುಗ. ಶುಕ್ರವಾರ ಡ್ರಮ್ಮುಗಳ ನಡುವೆ ಗಾಡಿಯನ್ನು ಹಿಂದಕ್ಕೆ ತೆಗೆಯುವ ಪಂದ್ಯವಿಟ್ಟರು. ಕಾಕ ಹೆಜ್ಜೆ ಅಳೆದು, ಒಂದೇ ಸಲಕ್ಕೆ, ಒಂದು ಡ್ರಮ್ಮನ್ನೂ ತಾಗಿಸದೆ ಗೆದ್ದರು. ಅವರಿಗೆ ಕೊಟ್ಟ ಕಾಫಿಯ ಹೂಜಿಯನ್ನು ನನ್ನ ಮಗಳು ತಲೆಯ ಮೇಲಿಟ್ಟುಕೊಂಡು ಕುಣಿದಳು.

ಮರುದಿನ ಮಧ್ಯಾಹ್ನ ಹೊರಡುವ ಹೊತ್ತು. ಕಾಕ ಎಂದಿನಂತೆ ಅಳೆದು, ಹತ್ತಿ ಎಂಜಿನ್ ಶುರು ಮಾಡಿದರು. ಅಷ್ಟರಲ್ಲಿ ಬೂದಿ ಬಿಸಿಲು ತಪ್ಪಿಸಿಕೊಂಡು ಬಸ್ಸಿನ ಹಿಂದಿನ ನೆರಳಿನಲ್ಲಿ ಹೋಗಿ ಮಲಗಿತ್ತು. ನಾನು ಬಲಗಡೆ, ಕನ್ನಡಿಗೆ ನೇರವಾಗಿ ನಿಂತು ಕೆಂಪು ದುಪಟ್ಟಾ ಎತ್ತಿ ಬೀಸಿದೆ. ಕಾಕ ಕತ್ತು ತಿರುಗಿಸಿ ಕನ್ನಡಿಯನ್ನು ನೋಡಿದರು. ಅಂದರೆ ನನ್ನನ್ನೇ ನೋಡಿದರು. ಬಸ್ಸು ನಿಲ್ಲಲಿಲ್ಲ.

ಬೂದಿಯ ಕೂಗು ಕೇಳಿದ ಮೇಲೆಯೇ ಬ್ರೇಕು ಬಿದ್ದದ್ದು. ಹಿಂಗಾಲು ಜಜ್ಜಿ ಹೋಗಿತ್ತು. ಕಾಕ ಇಳಿದು ಬಂದವರು, ಬಟ್ಟೆ ನಮಾಜು ಯಾವುದನ್ನೂ ಯೋಚಿಸದೆ, ರಕ್ತದಲ್ಲಿ ನೆನೆದ ಅದನ್ನು ಎದೆಗೆ ಅವಚಿಕೊಂಡು, ಬಸ್ಸಿನ ಜೊತೆಗೆ ತಂದಿದ್ದ ನಮ್ಮ ಕಾರಿನ ತನಕ ಓಡಿದರು. ನಾಯಿಗಳು ಎಲ್ಲೆಂದರಲ್ಲಿ ಮಲಗುತ್ತವೆ, ನಿಮ್ಮ ತಪ್ಪಲ್ಲ ಎಂದು ಗೆಳೆಯರು ಅವರಿಗೆ ಸಮಾಧಾನ ಹೇಳಿದರು. ನನ್ನ ಗಂಡ ಬೂದಿಯನ್ನು ಕಾರಿನಲ್ಲಿ ವೈದ್ಯರ ಬಳಿಗೆ ಕರೆದೊಯ್ದರು. ನಾನು ಬಸ್ಸಿನಲ್ಲಿ ಕಾಕನ ಬಲಕ್ಕೆ ಕೂತೆ. ಹಿಂದಿನ ಮಂಚದಲ್ಲಿ ಮಗಳು ಅತ್ತು ಅತ್ತು ನಿದ್ದೆ ಹೋಗಿದ್ದಳು.

ಹೆದ್ದಾರಿ ಸೇರುವ ಮೊದಲೇ ಕೇಳಿಬಿಟ್ಟೆ. ನನ್ನನ್ನು ನೋಡಿದಿರೋ ಇಲ್ಲವೋ?

ಅವರು ಬಸ್ಸಿನ ವೇಗ ಇಳಿಸಿದರು. "ಬಲಗಣ್ಣು ಹೋಗಿ ಎರಡು ವರ್ಷ ಆಯ್ತು ಮೇಡಂ," ಎಂದರು. "ಎಡದ್ದು ಉಂಟು. ಬಿಸಿಲಿಗೆ ಮಂಜಾಗ್ತದೆ."

ಸಕ್ಕರೆ ಕಾಯಿಲೆ ತಿಂದದ್ದು. ಲೈಸನ್ಸಿನ ಕಣ್ಣು ಪರೀಕ್ಷೆ ಮತ್ತೆ ಬರುವುದು ಜೂನ್‌ನಲ್ಲಿ. ಮಂಗಳೂರಿನಲ್ಲಿ ನರ್ಸಿಂಗ್ ಓದುವ ಮಗಳ ಕೊನೆಯ ಪರೀಕ್ಷೆಯೂ ಆಗಲೇ. ಲೈಸನ್ಸ್ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಅವಳ ಓದು ನಿಂತಿತು. ಅಲ್ಲಿಯ ತನಕ ಸುಮ್ಮನಿರಿ, ಮತ್ತೆ ನಾನೇ ಕೆಲಸ ಬಿಡುತ್ತೇನೆ ಎಂದರು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ರಿಫಾ ಬರುವ ತನಕ, ಬಲಕ್ಕೆ ಕಾರು ಬಂತು, ಹೋಯಿತು, ಟ್ರಕ್ಕು ಬಂತು, ಹೋಯಿತು ಎಂದು ಅವರಿಗೆ ದಾರಿ ಓದಿ ಹೇಳುತ್ತ ಬಂದೆ.

ಬೂದಿಯ ಕಾಲು ತೆಗೆಯಬೇಕಾಯಿತು. ಅದು ಮೂರು ಕಾಲಿನಲ್ಲಿ ಬೇಗ ಓಡಾಡಿತು. ನಾನು ಮಾಡಿದ್ದು ಮಾತ್ರ ಇಂದಿಗೂ ನನಗೆ ಅರಗಿಲ್ಲ. ಇಲ್ಲಿ ಶಾಲೆಯ ವಾರ ಶುರುವಾಗುವುದು ಭಾನುವಾರ; ಅಂದಿನಿಂದಲೇ ಮಗಳನ್ನು ನಾನೇ ಶಾಲೆಗೆ ಬಿಡತೊಡಗಿದೆ. ಆಫೀಸಿನ ಸಮಯ ಬದಲಾಗಿದೆ ಎಂದು ಅವಳಿಗೂ ಗಂಡನಿಗೂ ಸುಳ್ಳು ಹೇಳಿದೆ. ಬೆಳಿಗ್ಗೆ ಬಾಲ್ಕನಿಯಲ್ಲಿ ಚಹಾ ಹಿಡಿದು ನಿಂತರೆ ಕೆಳಗೆ ಶಾಲೆಯ ಬಸ್ಸು. ಬಾಗಿಲು ಬಲಗಡೆ. ಮಕ್ಕಳು ಹತ್ತುವುದೂ ಬಲಗಡೆಯಿಂದ, ಮರೆತ ನೀರಿನ ಬಾಟಲಿಗೆ ಹಿಂದಿರುಗಿ ಓಡುವುದೂ ಬಲಗಡೆಗೇ. ಬಸ್ಸು ತಿರುವು ದಾಟಿದ ಮೇಲೆ ನಾನು ಒಳಗೆ ಹೋಗಿ ನನ್ನ ಮಗಳಿಗೆ ಜಡೆ ಹಾಕುತ್ತಿದ್ದೆ. ಹೀಗೆ ಒಂಬತ್ತು ದಿನ. ಯಾರಿಗೂ ಹೇಳಲಿಲ್ಲ. ಕಾಕನ ಮೇಲಿನ ಕರುಣೆ ಎಂದು ನನಗೆ ನಾನೇ ಹೇಳಿಕೊಂಡೆ. ಕರುಣೆಯಾಗಿದ್ದರೆ ಮಗಳನ್ನು ಆ ಬಸ್ಸಿನಲ್ಲೇ ಕಳಿಸುತ್ತಿದ್ದೆನಲ್ಲ.

ಒಂಬತ್ತನೆಯ ಸಂಜೆ ಕಾಕ ಮೇಲೆ ಬಂದರು. ಒಳಗೆ ಬನ್ನಿ ಎಂದರೂ ಹೊಸ್ತಿಲಾಚೆಯೇ ನಿಂತರು. ಮೊದಲು ಬೂದಿಯ ಬಗ್ಗೆ ಕೇಳಿದರು. ಆಮೇಲೆ, ಮಧ್ಯಾಹ್ನ ಶಾಲೆಯ ಆಫೀಸಿಗೆ ಹೋಗಿ ಕಣ್ಣಿನ ವಿಷಯ ಹೇಳಿ ಕೀ ಕೊಟ್ಟು ಬಂದೆ ಎಂದರು.

"ಜೂನ್‌ವರೆಗೆ ಅಂದಿದ್ದಿರಲ್ಲ ಕಾಕ," ಎಂದೆ. ಎಂಥ ಮಾತು.

"ನೀವು ಮಗಳನ್ನು ಇಳಿಸಿದ್ರಿ. ಅಮ್ಮ ಅಲ್ವಾ, ಸರಿಯೇ. ಆದ್ರೆ ದಿನಾ ಆ ಖಾಲಿ ಸೀಟು ನೋಡಿ ನೋಡಿ ನನಗೆ ಹೆದರಿಕೆ ಶುರುವಾಯ್ತು. ಇನ್ನೂ ಮೂವತ್ತೊಂದು ಮಕ್ಕಳುಂಟು ಮೇಡಂ. ಅವ್ರ ಅಮ್ಮಂದಿರಿಗೆ ಗೊತ್ತಿಲ್ಲ, ಅಷ್ಟೇ."

ಆ ದನಿಯಲ್ಲಿ ಆರೋಪ ಇರಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ತಿಂಗಳೊಳಗೆ ಅವರ ವೀಸಾ ರದ್ದಾಯಿತು. ಬೆಕ್ಕನ್ನು ನಮ್ಮ ಮನೆಯಲ್ಲಿ ಬಿಟ್ಟು ಊರಿಗೆ ಹೋದರು. ಆಗಾಗ ಫೋನು ಮಾಡಿ ಬೆಕ್ಕು, ಬೂದಿ, ನನ್ನ ಮಗಳು, ಇದೇ ಕ್ರಮದಲ್ಲಿ ವಿಚಾರಿಸುತ್ತಿದ್ದರು. ಅವರ ಮಗಳು ಒಂದು ವರ್ಷ ಓದು ನಿಲ್ಲಿಸಿ, ಅಂಗಡಿಯೊಂದರಲ್ಲಿ ಕೆಲಸ ಮಾಡಿ, ಆಮೇಲೆ ಪರೀಕ್ಷೆ ಕಟ್ಟಿದಳೆಂದು ತಿಳಿಯಿತು.

ಕಳೆದ ರಂಜಾನ್ ಮುಗಿದ ವಾರ ಆ ಹುಡುಗಿಯೇ ಫೋನು ಮಾಡಿದಳು. ಕಾಕ ತೀರಿಕೊಂಡಿದ್ದರು, ಕಣ್ಣು ತಿಂದ ಕಾಯಿಲೆ ಕಿಡ್ನಿಯನ್ನೂ ಬಿಟ್ಟಿರಲಿಲ್ಲ. ನಾನು ಅಳುತ್ತಿದ್ದೆ, ಅವಳೇ ನನಗೆ ಸಮಾಧಾನ ಹೇಳಿದಳು. ಫೋನು ಇಡುವ ಮೊದಲು, ಅಪ್ಪನ ಒಂದು ಮಾತು ಹೇಳಬೇಕು ಎಂದಳು.

"ಉಪ್ಪ ಎಲ್ಲರ ಹತ್ರ ಹೇಳ್ತಿದ್ರು, ಮೇಡಂ ಧೈರ್ಯ ಮಾಡಿ ನನ್ನ ನಿಲ್ಲಿಸಿದ್ರು, ಅಷ್ಟು ಮಕ್ಕಳು ಉಳಿದದ್ದು ಅವರಿಂದ ಅಂತ. ನಿಮಗೆ ದುಆ ಮಾಡದ ದಿನ ಇಲ್ಲ."

ಅಲ್ಲಮ್ಮ, ನಿಲ್ಲಿಸಿದ್ದು ಅವರೇ, ನಾನು ನನ್ನ ಮಗಳನ್ನು ಮಾತ್ರ ಇಳಿಸಿಕೊಂಡೆ ಎಂದು ಹೇಳಬೇಕಿತ್ತು. ಬಾಯಿ ತೆರೆದೆ. ಆಯ್ತಮ್ಮ, ಹುಷಾರಾಗಿರು ಎಂದು ಹೇಳಿ ಫೋನಿಟ್ಟೆ.