ಹೂಳಿದ್ದು ಹುಳಿಯಾದ ಬಗೆ

ದ್ರಾಕ್ಷಿತೋಟಗಳ ಸೀಮೆಯಾದ ಕಖೇತಿಯ ಆ ಊರಿನಲ್ಲಿ ನೆಲಮನೆ ಇಲ್ಲದ ಮನೆಯೇ ಇರಲಿಲ್ಲ. ಆದರೆ ಟೋಪಿ ತೆಗೆಯದೆ ನೆಲಮನೆಗೆ ಇಳಿಯಬಾರದು ಎನ್ನುವವನು ಗೋದೆರ್ಜಿ ಒಬ್ಬನೇ. ಕುತ್ತಿಗೆಯವರೆಗೆ ನೆಲದಲ್ಲಿ ಹೂತ ವೈನ್ ಗುಡಾಣಗಳ ನಡುವೆ ಅವನು ತುದಿಗಾಲಲ್ಲಿ ನಡೆಯುತ್ತಿದ್ದ. ಯಾರಾದರೂ ಜೋರಾಗಿ ಮಾತಾಡಿದರೆ, ತೊಟ್ಟಿಲ ಪಕ್ಕ ನಿಂತವರ ಹಾಗೆ ತುಟಿಗೆ ಬೆರಳಿಟ್ಟು "ಮೆಲ್ಲಗೆ! ಈಗಷ್ಟೇ ಮಲಗಿದೆ" ಎನ್ನುತ್ತಿದ್ದ.

ಬಡಿಸುವುದರಲ್ಲೂ ಇದೇ ಮಡಿ. ಫ್ರಿಜ್ಜಿನಿಂದ ತೆಗೆದ ವೈನ್ ಕೊಟ್ಟವರಿಗೆ, "ಇದನ್ನ ಜ್ವರ ಬಂದವರ ಹಣೆಗಿಡಿ" ಎಂದು ಹಿಂದಕ್ಕೆ ತಳ್ಳುತ್ತಿದ್ದ. ನೆಲದ ತಂಪೇ ತಂಪು, ಮಣ್ಣಿನ ಬಟ್ಟಲೇ ಬಟ್ಟಲು. ಗುಡಾಣದ ಬಾಯಿ ಒಮ್ಮೆ ತೆರೆದರೆ ಬೇಗ ಖಾಲಿ ಮಾಡಬೇಕು, ಇಲ್ಲವೇ ಚಿಕ್ಕದಕ್ಕೆ ಕಂಠಮಟ್ಟ ತುಂಬಬೇಕು. ಅರ್ಧ ಗುಡಾಣವೆಂದರೆ ಅರ್ಧ ಗಾಳಿ, ಗಾಳಿಯೆಂದರೆ ಹುಳಿ.

"ಇವನ ಗಾಳಿಮಾತು ಕೇಳೀ ಕೇಳೀ ನನ್ನ ವೈನು ಹೆದರಿ ಹುಳಿಯಾಗ್ತಿದೆ ಕಣ್ರೋ" ಎಂದು ಪಕ್ಕದ ಮನೆಯ ಶಾಲ್ವಾ ಊರೆಲ್ಲ ಹೇಳಿಕೊಂಡು ನಗುತ್ತಿದ್ದ.

ಮೂಲೆಯಲ್ಲಿದ್ದದ್ದು ಮಗಳು ಖಾತುನಾಳ ಗುಡಾಣ. ಅವಳು ಹುಟ್ಟಿದ ವರ್ಷದ ದ್ರಾಕ್ಷಿ. ಅವಳ ಮದುವೆಗೇ ತೆರೆಯಬೇಕೆಂದು ಕಲ್ಲು ಮುಚ್ಚಿ, ಮೇಲೆ ಹಸಿಮಣ್ಣು ಮೆತ್ತಿದ್ದು. ಮಣ್ಣು ಒಣಗಿ ಬಿರುಕು ಬಿಡದಂತೆ ಆಗಾಗ ನೀರು ಚಿಮುಕಿಸಬೇಕು, ಎಲ್ಲರೂ ಚಿಮುಕಿಸುತ್ತಾರೆ. ಗೋದೆರ್ಜಿ ಮಾತ್ರ ಪ್ರತಿ ಹುಟ್ಟುಹಬ್ಬಕ್ಕೂ ಕೆಳಗಿಳಿದು, ಮಗಳ ಹೆಸರು ಹೇಳಿ ಒಂದು ಬಟ್ಟಲು ವೈನ್ ತಾನು ಕುಡಿದು, ಇನ್ನೊಂದನ್ನು ಆ ಮಣ್ಣಿಗೆ ಹೊಯ್ಯುತ್ತಿದ್ದ. ಅವಳ ಹೆಸರಲ್ಲಿ ಕುಡಿಯುವಾಗ ಅವಳ ಗುಡಾಣ ಬಾಯೊಣಗಿಸಿಕೊಂಡು ಕೂರುವುದೇ?

ಮದುವೆ ಇಮೆರೇತಿಯ ಕಡೆಯ ಹುಡುಗನೊಂದಿಗೆ ಗೊತ್ತಾಯಿತು. ಹುಡುಗನ ತಂದೆ ಬೆಸಾರಿಯೋನ್ ಮಾತುಕತೆಗೆ ಬಂದಾಗ ಗೋದೆರ್ಜಿ ಬೀಗರೆದುರು ಬೀಗಿದ್ದೇ ಬೀಗಿದ್ದು. ಉಡುಗೊರೆ, ಸಂಬಂಧ, ಚರ್ಚು, ಯಾವುದರ ಮಾತೂ ಆಗಲಿಲ್ಲ. ಆದದ್ದು ಗುಡಾಣದ ಮಾತು.

ಮದುವೆಯ ಹಿಂದಿನ ದಿನ ಗೋದೆರ್ಜಿ ಶಾಲ್ವಾನನ್ನು ಜೊತೆಗೆ ಕರೆದುಕೊಂಡು ಗುಡಾಣದ ಮೇಲಿನ ಮಣ್ಣು ಕೆರೆದ. ಶಾಲ್ವಾ ಮೂಗು ಅರಳಿಸಿದ. ಆಮೇಲೆ ಮುಚ್ಚಿಕೊಂಡ.

"ಏನಪ್ಪಾ ಹೊಯ್ದಿದೀಯ ಇದರ ಮೇಲೆ?"

"ವೈನು."

"ಮಣ್ಣಿಗಾ?"

"ಹುಟ್ಟುಹಬ್ಬಕ್ಕೆ ಕಣೋ."

ಶಾಲ್ವಾ ಅಲ್ಲೇ ಕುಕ್ಕರುಗಾಲಲ್ಲಿ ಕೂತ. "ಅಯ್ಯೋ ಪುಣ್ಯಾತ್ಮ! ಮಣ್ಣು ಹುಳೀತು, ಹುಳಿತದ್ದು ಕಲ್ಲಿನ ಸಂದೀಲಿ ಒಳಗಿಳೀತು. ವರ್ಷಾ ವರ್ಷಾ ನಿನ್ನ ಕೈಯಾರೆ ಹೆಪ್ಪು ಹಾಕಿದೀಯಲ್ಲೋ!"

ಕಲ್ಲೆತ್ತಿದರು. ಬಣ್ಣ ಜೇನಿನದು, ವಾಸನೆ ಉಪ್ಪಿನಕಾಯಿಯದು. ಗೋದೆರ್ಜಿ ಬೆರಳದ್ದಿ ನಾಲಗೆಗೆ ಇಟ್ಟುಕೊಂಡ. ಮತ್ತೊಮ್ಮೆ ಅದ್ದಿ ಇಟ್ಟುಕೊಂಡ, ಎರಡನೆಯ ಸಲಕ್ಕೆ ರುಚಿ ಮನಸ್ಸು ಬದಲಿಸೀತು ಎಂಬಂತೆ. ಮದುವೆಯೇನೋ ಬಂದಿತ್ತು, ಮಧುವೇ ಇರಲಿಲ್ಲ.

ಹೆಂಡತಿ ಜುಜುನಾ ಮೇಲಿನಿಂದ ಬಂದು ಬಗ್ಗಿ ನೋಡಿದಳು. ಅವಳು ಅಳುವ ಪೈಕಿಯಲ್ಲ. "ಹೋದ ವರ್ಷದ್ದನ್ನ ಹೂಜಿಗೆ ತುಂಬು. ಇದೇ ಅದು ಅನ್ನು. ಅವರ ನಾಲಗೆಗೇನು ಹುಟ್ಟಿದ ತಾರೀಖು ತಿಳಿಯುತ್ತಾ?"

"ಬಟ್ಟಲೆತ್ತಿ ಸುಳ್ಳು ಹೇಳೋದಾ? ಅದೂ ಮಗಳ ಹೆಸರಲ್ಲಿ?"

"ಹಾಗಾದ್ರೆ ನಿಜ ಹೇಳು."

ಬೀಗರೆದುರು ಅಷ್ಟು ಬೀಗಿದ ಮೇಲೆ ಅದೂ ಆಗದ ಮಾತು. ಕೊನೆಗೆ ಮೂವರೂ ಸೇರಿ ಒಂದು ದಾರಿ ಕಂಡುಕೊಂಡರು. ನೆಂಟರಿಗೆಲ್ಲ ಹೋದ ವರ್ಷದ ವೈನ್. ಮಗಳ ಗುಡಾಣದ್ದು ಒಂದೇ ಒಂದು ಕುಡಿಯುವ ಕೊಂಬಿನಷ್ಟು, ಹರಸಿ ಕುಡಿಯುವ ಮೊದಲ ಮಾತಿಗೆ, ತಂದೆಯೊಬ್ಬನಿಗೇ. ಕೊಟ್ಟ ಮಾತೂ ಉಳಿಯಿತು, ಬೀಗರ ಹೊಟ್ಟೆಯೂ ಉಳಿಯಿತು.

ಮರುದಿನ ಊಟದ ಮೇಜಿನ ಹಿರಿತನ ಶಾಲ್ವಾನದೇ. ಯಾವ ಮದುವೆಯಲ್ಲೂ ಬಟ್ಟಲೆತ್ತಿಸುವವನು ಅವನೇ. ಅವನು ಸನ್ನೆ ಮಾಡಿದ ಕೂಡಲೇ ಗೋದೆರ್ಜಿ ಎದ್ದು, ಮೂಲೆಯ ಗುಡಾಣದ ಹೂಜಿಯಿಂದ ಕೊಂಬು ತುಂಬಿಕೊಂಡ. ಕೊಂಬಿಗೆ ತಳವಿಲ್ಲ, ಬರಿದಾಗುವವರೆಗೆ ಕೆಳಗಿಡುವಂತಿಲ್ಲ.

"ಖಾತುನಾ, ಇದು ನಿನ್ನ ವರ್ಷದ್ದು. ಇದರಲ್ಲಿರೋದೆಲ್ಲ ನಾನೇ ಹಾಕಿದ್ದು ತಾಯಿ" ಎಂದ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಗಟಗಟನೆ ಎತ್ತಿದ. ಗಂಟಲಲ್ಲಿ ಗರಗಸ ಎಳೆದಂತಾಯಿತು, ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು.

ಮೇಜಿನ ಉದ್ದಕ್ಕೂ ಹೆಂಗಸರು ಕರವಸ್ತ್ರ ತೆಗೆದರು. "ತಂದೆ ಕರುಳು ನೋಡು!"

"ಅಲಾವೆರ್ದಿ, ಹುಡುಗನ ತಂದೆಗೆ!" ಎಂದು ಕೂಗಿದ ಶಾಲ್ವಾ. ಕೂಗಿದ್ದು ಅವನಲ್ಲ, ನಾಲಗೆಯ ಅಭ್ಯಾಸ. ನಾಲಗೆ ಕಚ್ಚಿಕೊಂಡದ್ದು ಆಮೇಲೆ. ಆ ಪದ ಹೊರಬಿದ್ದ ಮೇಲೆ, ಹೆಸರು ಹೇಳಿಸಿಕೊಂಡವನು ಅದೇ ಮಾತಿಗೆ ಕುಡಿಯಲೇಬೇಕು. ಬೇಡವೆನ್ನುವುದು ಯಾರ ಕೈಯಲ್ಲೂ ಇಲ್ಲ.

ಬೆಸಾರಿಯೋನ್ ಕಣ್ಣೊರೆಸುತ್ತಾ ಎದ್ದ. "ಅದೇ ಹೂಜಿದು ಹಾಕಿ ಬೀಗರೇ."

"ಬೀಗರೇ, ಅದು ಸ್ವಲ್ಪ..."

"ಸ್ವಲ್ಪ ಸಾಲಲ್ಲ! ತುಂಬಾ ಹಾಕಿ!"

ಗೋದೆರ್ಜಿ ಹಾಕಿದ. ಮೊದಲ ಗುಟುಕಿಗೆ ಬೆಸಾರಿಯೋನನ ಹುಬ್ಬು ಹಣೆ ಹತ್ತಿತು. ಕೊಂಬು ಇಳಿಸುವಂತಿಲ್ಲ, ಅವನು ಗೋದೆರ್ಜಿಯ ಮುಖವನ್ನೇ ನೋಡುತ್ತಾ ಕೊನೆಯವರೆಗೂ ಕುಡಿದ. ಮೀಸೆ ಒರೆಸಿಕೊಂಡು ಒಂದು ಗಳಿಗೆ ಉಸಿರು ಹುಡುಕಿದ. ಆಮೇಲೆ ಪಕ್ಕದ ತಮ್ಮನ ಕಡೆ ತಿರುಗಿ, "ಅಲಾವೆರ್ದಿ ನಿನಗೆ ಕಣೋ. ಇಂಥದ್ದನ್ನ ನಾನೊಬ್ಬನೇ ಕುಡಿದ್ರೆ ನ್ಯಾಯ ಅಲ್ಲ" ಎಂದ.

ತಮ್ಮ ಕುಡಿದು ಭಾವನಿಗೆ ಕೊಟ್ಟ, ಭಾವ ಚಿಕ್ಕಪ್ಪನಿಗೆ. ಹಿರಿಯರೆಲ್ಲ ಸಾಲಾಗಿ ಕಣ್ಣೀರಿಟ್ಟರು. ಗೋದೆರ್ಜಿ ಹೂಜಿ ಹಿಡಿದು ಒಬ್ಬೊಬ್ಬರ ಹಿಂದೆ ನಡೆದ. ನಿಲ್ಲಿಸಿ ಎನ್ನಲು ಬಾಯಿ ತೆರೆದಾಗಲೆಲ್ಲ "ಹಾಕಪ್ಪಾ, ಹಾಕು" ಎಂಬ ಕೂಗು ಬಂತು.

ಕೊಂಬು ಖಾತುನಾಳ ಕೈಗೆ ಬಂತು. ಅವಳು ಅಳುತ್ತಿದ್ದ ಸಾಲನ್ನು ನೋಡಿದಳು, ಅಪ್ಪನನ್ನು ನೋಡಿದಳು.

"ನಿನಗೆ ಬೇಡಮ್ಮಾ" ಎಂದ ಅವನು, ಅವಳಿಗಷ್ಟೇ ಕೇಳುವ ಹಾಗೆ.

"ನನ್ನ ಹೆಸರಿನದಲ್ವಾ? ಬಗ್ಗಿಸಪ್ಪಾ."

ಬಗ್ಗಿಸಿದ. ಅವಳು ಕಣ್ಣು ಮುಚ್ಚಿ ಕುಡಿದು, ಮುಖ ಹಿಂಡದೆ, ಕೊಂಬನ್ನು ಗಂಡನ ಅಕ್ಕನ ಕೈಗಿತ್ತಳು. ಹೂಜಿ ಬರಿದಾಗಿತ್ತು. ಇನ್ನೊಂದು ತರಲು ಶಾಲ್ವಾ ಯಾರ ಮುಖವನ್ನೂ ನೋಡದೆ ನೆಲಮನೆಗೆ ಇಳಿದ. ಮಗಳ ಹೆಸರಿನ ಮಾತು ಮೇಜು ಸುತ್ತಿ ಮುಗಿಯುವವರೆಗೆ ತಂದೆಯಾದವನು ಕೂರುವಂತಿಲ್ಲ. ಗೋದೆರ್ಜಿ ನಿಂತೇ ಇದ್ದ. ಅರ್ಧ ಮೇಜು ಇನ್ನೂ ಬಾಕಿಯಿತ್ತು.